ತೆಂಗಿನಕಾಯಿಯ ಪತನ ಮೀಮಾಂಸೆ

ಬೀಳುವ ವಸ್ತುಗಳ ಶಾಸ್ತ್ರವು ಇದುವರೆಗೆ ಗೋಲಿ, ಗುಂಡು, ಸೇಬು ಮೊದಲಾದ ಹೊರಸೀಮೆಯ ವಸ್ತುಗಳನ್ನೇ ನೆಚ್ಚಿಕೊಂಡು ಬೆಳೆದಿದ್ದು, ಕರ್ನಾಟಕದ ಹಿತ್ತಿಲುಗಳಲ್ಲಿ ಹಗಲು ರಾತ್ರಿಯೆನ್ನದೆ ಬಿದ್ದು ಅದೇ ಶಾಸ್ತ್ರವನ್ನು ಪ್ರಯೋಗಪೂರ್ವಕವಾಗಿ ನಿರೂಪಿಸುತ್ತ ಬಂದಿರುವ ತೆಂಗಿನಕಾಯಿಗೆ ಅದರಲ್ಲಿ ಒಂದು ಅಡಿಟಿಪ್ಪಣಿಯಷ್ಟು ಜಾಗವೂ ಸಿಕ್ಕಿಲ್ಲ. ಈ ಲೋಪವನ್ನು ಸರಿಪಡಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಸೇಬಿನ ಪ್ರಸ್ತಾಪವನ್ನು ಇಲ್ಲಿ ಬುದ್ಧಿಪೂರ್ವಕವಾಗಿಯೇ ಕೈಬಿಡಲಾಗಿದೆ. ಅದರ ವಿಷಯದಲ್ಲಿ ಬರೆಯಬೇಕಾದಷ್ಟನ್ನು ಬರೆದಾಗಿದೆ, ಮೇಲಾಗಿ ಅದರಿಂದ ದೋಸೆಗೆ ಚಟ್ನಿ ಆಗುವುದಿಲ್ಲ.

ಪರಿಶೀಲನೆಗೆಂದು ತಿಪಟೂರು ಸೀಮೆಯ ಎತ್ತರದ ತಳಿಯ ಒಂದು ಮರವನ್ನೂ, ಅದರಲ್ಲಿ ನೆಲದಿಂದ 20 ಮೀಟರ್ ಮೇಲಿರುವ ಗೊನೆಯನ್ನೂ, ಆ ಗೊನೆಯಲ್ಲಿ ಮಟ್ಟೆಸಹಿತ ಒಂದೂವರೆ ಕಿಲೋಗ್ರಾಂ ತೂಗುವ ಬಲಿತ ಕಾಯೊಂದನ್ನೂ ಕಲ್ಪಿಸಿಕೊಳ್ಳತಕ್ಕದ್ದು. ಈ ಕಾಯಿ ಏನನ್ನೂ ಮಾಡದೆ ಸುಮ್ಮನೆ ತೂಗುತ್ತಿದ್ದರೂ, ಅಷ್ಟು ಎತ್ತರದಲ್ಲಿ ಇರುವ ಒಂದೇ ಕಾರಣಕ್ಕೆ ಅದರಲ್ಲಿ ಒಂದು ಸಾಮರ್ಥ್ಯ ಅಡಗಿರುತ್ತದೆ. ಅದನ್ನು ಪಠ್ಯಪುಸ್ತಕಗಳು ಪ್ರಚ್ಛನ್ನ ಶಕ್ತಿ, ಅಂದರೆ ಮರೆಯಲ್ಲಿರುವ ಶಕ್ತಿ, ಎಂದು ಕರೆಯುತ್ತವೆ. ಸ್ಕಾಟ್ಲೆಂಡಿನ ರ‍್ಯಾಂಕಿನ್ ಎಂಬ ಎಂಜಿನಿಯರು ಈ ಶಕ್ತಿಗೆ ಇಂಗ್ಲಿಷಿನಲ್ಲಿ ನಾಮಕರಣ ಮಾಡಿದ್ದು 1853ರಲ್ಲಿ. ಹೆಸರಿಲ್ಲದಿದ್ದ ಕಾಲದಲ್ಲೂ ಕಾಯಿಗಳು ಬೀಳುತ್ತಲೇ ಇದ್ದವೆಂಬುದರಲ್ಲಿ ಪಂಡಿತರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕಾಯಿಯ ದ್ರವ್ಯರಾಶಿಯನ್ನು ಎತ್ತರದಿಂದಲೂ, ಭೂಮಿಯ ಸೆಳೆತದ ವೇಗೋತ್ಕರ್ಷವಾದ 9.8ರಿಂದಲೂ ಗುಣಿಸಿದರೆ ಸಿಗುವ 294 ಜೌಲ್‌ಗಳೇ ಅದರ ಮೂಲಧನ.

ಈ ಮೂಲಧನವನ್ನು ಮೇಲಕ್ಕೆ ಹೊತ್ತವರು ಯಾರು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಮರವೇ ಹನಿಹನಿಯಾಗಿ ನೀರನ್ನು ಮೇಲೇರಿಸಿ, ಬಿಸಿಲನ್ನು ಕೂಡಿಸಿ, ಹೊಂಬಾಳೆಯಿಂದ ಬಲಿತ ಕಾಯಿಯವರೆಗೆ ಸುಮಾರು ಒಂದು ವರ್ಷ ದುಡಿದು ಅದನ್ನು ಅಲ್ಲೇ ಕಟ್ಟಿತೆಂಬುದು ಉತ್ತರ. ಕಾಯಿ ಕೀಳುವವನದು ಬೇರೆಯ ಲೆಕ್ಕ. 60 ಕಿಲೋಗ್ರಾಂ ತೂಕದ ಆತ 20 ಮೀಟರ್ ಏರುವಾಗ ತನ್ನ ಮೈಗೆ ಸೇರಿಸಿಕೊಳ್ಳುವ ಪ್ರಚ್ಛನ್ನ ಶಕ್ತಿ 11,760 ಜೌಲ್. ಸ್ನಾಯುಗಳು ಉಂಡದ್ದರಲ್ಲಿ ಕಾಲುಭಾಗವನ್ನಷ್ಟೇ ಕೆಲಸಕ್ಕೆ ತಿರುಗಿಸುತ್ತವೆಂದು ಹಿಡಿದರೂ ಅದಕ್ಕೆ ಒಂದು ಟೀ ಚಮಚ ಸಕ್ಕರೆ ಧಾರಾಳವಾಗಿ ಸಾಕು. ಶಾಸ್ತ್ರದ ಪ್ರಕಾರ ಮರವೊಂದಕ್ಕೆ ಒಂದು ಚಮಚ ಸಕ್ಕರೆಯೇ ನ್ಯಾಯವಾದ ಕೂಲಿ. ಆದರೆ ಈ ಲೆಕ್ಕವನ್ನು ಆತನ ಮುಂದಿಟ್ಟ ಮನೆಯವರ ಕಾಯಿಗಳು ಮರದಲ್ಲೇ ಉಳಿಯುತ್ತವೆ, ಅಂದರೆ ಅವುಗಳ ಶಕ್ತಿ ಪ್ರಚ್ಛನ್ನವಾಗಿಯೇ ಮುಂದುವರಿಯುತ್ತದೆ.

ಎತ್ತರವೆಂದರೆ ಎಲ್ಲಿಂದ ಎತ್ತರ ಎಂಬುದು ಈ ಶಾಸ್ತ್ರದ ಅತ್ಯಂತ ಜಟಿಲವಾದ ವಿವಾದ. ಮರದ ಬುಡದಲ್ಲಿ 10 ಮೀಟರ್ ಆಳದ ಬಾವಿಯೊಂದಿದ್ದು, ಅದರ ತಳವನ್ನೇ ಸೊನ್ನೆಯ ಮಟ್ಟವೆಂದು ಒಪ್ಪಿದರೆ ಅದೇ ಕಾಯಿ, ತೊಟ್ಟೂ ಅಲುಗದೆ, 441 ಜೌಲ್‌ಗಳ ಶ್ರೀಮಂತನಾಗುತ್ತದೆ. ಗೊನೆಯ ಮಟ್ಟವನ್ನೇ ಸೊನ್ನೆಯೆಂದರೆ ಅದು ಬರಿಗೈಯದಾಗಿ, ಆಗಲೇ ನೆಲಕ್ಕೆ ಬಿದ್ದಿರುವ ಕಾಯಿಗಳೆಲ್ಲ ತಲಾ 294 ಜೌಲ್ ಸಾಲಗಾರರಾಗುತ್ತವೆ. ಹಾಗಾದರೆ ಶಕ್ತಿಯೆಂಬುದು ಅಳೆಯುವವನ ಮರ್ಜಿಯೇ ಎಂದು ಪೂರ್ವಪಕ್ಷದವರು ಕೇಳುತ್ತಾರೆ. ಸೊನ್ನೆಯನ್ನು ಎಲ್ಲಿ ಬೇಕಾದರೂ ನೆಡಬಹುದು, ಲೆಕ್ಕಕ್ಕೆ ಬರುವುದು ಎರಡು ಮಟ್ಟಗಳ ನಡುವಿನ ವ್ಯತ್ಯಾಸ ಮಾತ್ರ ಎಂಬುದು ಸಿದ್ಧಾಂತ. ಮರದ ಕೆಳಗೆ ನಿಂತವನ ಮಟ್ಟಿಗೆ ಆ ವ್ಯತ್ಯಾಸವನ್ನು ಅವನ ನೆತ್ತಿಯಿಂದ ಅಳೆಯಬೇಕಾಗುವುದರಿಂದ, 1.6 ಮೀಟರ್ ಎತ್ತರದ ಆಸಾಮಿಗೆ ತಗಲುವುದು ಸುಮಾರು 270 ಜೌಲ್ ಮಾತ್ರ. ಉಳಿದ 24 ಜೌಲ್‌ಗಳ ರಿಯಾಯಿತಿಯನ್ನು ಪ್ರಕೃತಿಯು ಅವನ ಎತ್ತರವನ್ನು ಮನ್ನಿಸಿ ದಯಪಾಲಿಸಿದೆ.

ಇನ್ನು ಪತನದ ಆರಂಭ. ಕಾಗೆ ಬಂದು ಕೂತ ಗಳಿಗೆಯಲ್ಲೇ ತಾಳೆಯ ಹಣ್ಣು ಬಿದ್ದ ಪ್ರಸಂಗದಿಂದ ಕಾಕತಾಳೀಯ ನ್ಯಾಯವನ್ನು ಹುಟ್ಟಿಸಿದ ನಮ್ಮ ಪೂರ್ವಿಕರು ಕಾಗೆ ಕಾರಣವೋ ಅಲ್ಲವೋ ಎಂದು ಸಾಕಷ್ಟು ಚರ್ಚಿಸಿದರೇ ಹೊರತು, ಶಕ್ತಿಯ ಖಾತೆಗೆ ಕಾಗೆಯ ವಂತಿಗೆ ಎಷ್ಟೆಂದು ವಿಚಾರಿಸಲಿಲ್ಲ. ತೊಟ್ಟು ಸಡಿಲವಾದ ಕಾಯಿಗೆ ಕಾಗೆ ಬೀಗ ತೆಗೆಯುವ ಆಳು ಮಾತ್ರ. ಪೆಟ್ಟಿಗೆಯಲ್ಲಿದ್ದ 294 ಜೌಲ್‌ಗಳಲ್ಲಿ ಅದರದು ಬಿಡಿಕಾಸೂ ಇಲ್ಲ.

ತೊಟ್ಟು ಕಳಚಿದ ಕ್ಷಣದಿಂದ ಪ್ರಚ್ಛನ್ನ ಶಕ್ತಿಯು ಚಲನ ಶಕ್ತಿಯಾಗಿ, ಅಂದರೆ ಚಲಿಸುತ್ತಿರುವುದರಿಂದ ವಸ್ತುವಿಗೆ ಒದಗುವ ಶಕ್ತಿಯಾಗಿ, ವರ್ಗವಾಗತೊಡಗುತ್ತದೆ. ಇದು ಒಬ್ಬನೇ ಗುಮಾಸ್ತ ಒಂದು ಪುಟದಲ್ಲಿ ಖರ್ಚು ಬರೆದು ಎದುರು ಪುಟದಲ್ಲಿ ಅಷ್ಟನ್ನೇ ಜಮಾ ಬರೆಯುವ ರೀತಿ. 5 ಮೀಟರ್ ಇಳಿದಾಗ ಹಳೆಯ ಖಾತೆಯಲ್ಲಿ 220.5, ಹೊಸತರಲ್ಲಿ 73.5, ನಡುಮರದ ಮಟ್ಟದಲ್ಲಿ ಎರಡರಲ್ಲೂ 147, ನೆಲ ಮುಟ್ಟುವ ಹೊತ್ತಿಗೆ ಹಳೆಯದು ಬರಿದು, ಹೊಸತು ಪೂರ್ತಿ 294. ಎರಡೂ ಖಾತೆಗಳನ್ನು ಯಾವ ಗಳಿಗೆಯಲ್ಲಿ ಕೂಡಿದರೂ ಮೊತ್ತ ಕದಲುವುದಿಲ್ಲವಾದ್ದರಿಂದ ಇದನ್ನು ಶಕ್ತಿ ಸಂರಕ್ಷಣೆಯ ನಿಯಮವೆನ್ನುತ್ತಾರೆ. ಲೆಕ್ಕಪರಿಶೋಧಕರಿಲ್ಲದೆ ಇಷ್ಟು ಶುದ್ಧವಾಗಿ ನಡೆಯುವ ಇನ್ನೊಂದು ವ್ಯವಹಾರ ಈ ಸೀಮೆಯಲ್ಲಿ ಕಂಡುಬರುವುದಿಲ್ಲ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಚಲನ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, ನಡುಮರದಲ್ಲಿ ಶಕ್ತಿ ಅರ್ಧವಾಗಿದ್ದರೂ ವೇಗ ಅರ್ಧವಾಗಿರುವುದಿಲ್ಲ. ಅಲ್ಲಿ ಕಾಯಿ ಸೆಕೆಂಡಿಗೆ 14 ಮೀಟರಿನಂತೆ ಧಾವಿಸುತ್ತಿದ್ದರೆ, ನೆಲದ ಬಳಿ ಅದು 19.8 ಮೀಟರ್, ಅಂದರೆ ಗಂಟೆಗೆ 71 ಕಿಲೋಮೀಟರ್, ಹೆದ್ದಾರಿಯ ಬಸ್ಸಿನ ವೇಗ. ಬಸ್ಸಾದರೂ ಹಾರನ್ ಮಾಡುತ್ತದೆ.

ಈ ಇಡೀ ವ್ಯವಹಾರ ಎರಡು ಸೆಕೆಂಡಿನಲ್ಲಿ ಮುಗಿಯುವುದಾದರೂ ಆ ಎರಡು ಸೆಕೆಂಡುಗಳು ಸಮಾನವಲ್ಲ. ಮೊದಲನೆಯದರಲ್ಲಿ ಕಾಯಿ ಇಳಿಯುವುದು 5 ಮೀಟರಿಗೂ ತುಸು ಕಡಿಮೆ. ಉಳಿದ ಮುಕ್ಕಾಲು ದಾರಿಯನ್ನು ಅದು ಎರಡನೆಯದರಲ್ಲಿ ಸವೆಸುತ್ತದೆ. ಮೇಲೆ ‘ಚಟ್’ ಎಂದದ್ದು ಕಿವಿಗೆ ಬಿದ್ದು, ಏನದು ಎಂದು ಕತ್ತೆತ್ತಿ, ಸೋಗೆಯೋ ಕಾಯಿಯೋ ಎಂದು ಕಣ್ಣಿಗೆ ಕೈ ಅಡ್ಡ ಹಿಡಿದು ನಿರ್ಧರಿಸುವ ಗೃಹಸ್ಥನಿಗೆ ಮೊದಲ ಸೆಕೆಂಡು ಅಷ್ಟಕ್ಕೇ ಸಾಕಾಗಿ, ಓಡುವ ವಿಚಾರವು ಎರಡನೆಯದರ ಕಾರ್ಯಸೂಚಿಗೆ ಸೇರುತ್ತದೆ.

ತೆಂಗಿನಕಾಯಿಗೆ ಕಣ್ಣಿದೆ, ಅದು ಮನುಷ್ಯರ ತಲೆಯ ಮೇಲೆ ಬೀಳದು ಎಂಬ ಲೋಕೋಕ್ತಿಯನ್ನು ಇಲ್ಲಿ ಪರಾಮರ್ಶಿಸುವುದು ಅನಿವಾರ್ಯ. ಕಣ್ಣು ಇರುವುದು ನಿಜ, ಅದೂ ಮೂರು. ಆದರೆ ಕಾಯಿಯನ್ನು ಸುಲಿದು ನೋಡಿದರೆ ಆ ಮೂರೂ ಕಣ್ಣುಗಳು ಕರಟದ ತೊಟ್ಟಿನ ಕಡೆಗೇ, ಜುಟ್ಟಿನ ನಾರಿನಡಿಯಲ್ಲಿ ಇರುವುದು ಕಾಣುತ್ತದೆ. ಅಂದರೆ ಗೊನೆಯಲ್ಲಿ ತೂಗುವಾಗ ಅವು ಆಕಾಶದ ಕಡೆಗಿದ್ದು, ಕಾಯಿ ಮಗುಚದೆ ಬಿದ್ದ ಪಕ್ಷದಲ್ಲಿ ಅವಕ್ಕೆ ಕಾಣಬಹುದಾದದ್ದು ತಾವು ಬಿಟ್ಟುಬಂದ ಮರವೇ ಹೊರತು ಸೇರಲಿರುವ ನೆತ್ತಿಯಲ್ಲ; ಅದೂ ಮಟ್ಟೆಯ ಪರದೆಯಾಚೆಗೆ. ಲೋಕೋಕ್ತಿಯನ್ನು ನಂಬಿದವರು ಹಲವರು ಇಂದಿಗೂ ಸುಖವಾಗಿದ್ದಾರೆಂಬುದು ಸಾಕ್ಷ್ಯವಾಗಲಾರದು, ನಂಬಿ ಸುಖವಾಗಿಲ್ಲದವರು ಸಾಕ್ಷಿ ಹೇಳಲು ಬರುವುದಿಲ್ಲವಷ್ಟೆ.

ಮೇಲಿನ ಲೆಕ್ಕದಲ್ಲಿ ಗಾಳಿಯೆಂಬ ದಲ್ಲಾಳಿಯನ್ನು ಹೊರಗಿಟ್ಟಿರುವುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಬೀಳುವ ವಸ್ತುವಿನಿಂದ ಗಾಳಿ ದಾರಿಯುದ್ದಕ್ಕೂ ಸುಂಕ ವಸೂಲು ಮಾಡಿ ಅದನ್ನು ಸುಳಿಯಾಗಿಯೂ ಕಾವಾಗಿಯೂ ಚೆಲ್ಲುತ್ತದೆ. ಕಾಯಿ ಗುಂಡಗೆ, ತೂಕವಾಗಿ ಇರುವುದರಿಂದ ಸುಂಕ ಅಲ್ಪ. ಅದೇ ಮರದ ಒಣ ಸೋಗೆ ಹರಡಿಕೊಂಡು ಓಲಾಡುತ್ತ ಇಳಿಯುವುದರಿಂದ ಗಳಿಕೆಯ ದೊಡ್ಡ ಪಾಲನ್ನು ದಾರಿಯಲ್ಲೇ ತೆತ್ತು ನೆಲಕ್ಕೆ ಸೊರಗಿ ಬರುತ್ತದೆ. ಸುಂಕದ ಕಟ್ಟೆಯೇ ಇಲ್ಲದ ಚಂದ್ರನ ಮೇಲೆ 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಸುತ್ತಿಗೆಯನ್ನೂ ಗರಿಯನ್ನೂ ಒಟ್ಟಿಗೆ ಕೈಬಿಟ್ಟಾಗ ಎರಡೂ ಒಟ್ಟಿಗೇ ನೆಲ ಸೇರಿದವು. ಗರಿ ಹಕ್ಕಿಯದಾಗಿತ್ತು, ತೆಂಗಿನ ಗರಿಯ ಪ್ರಯೋಗ ಇನ್ನೂ ಬಾಕಿ ಇದೆ.

ನೆಲ ಸೇರಿದ ಮೇಲೆ ಎರಡೂ ಖಾತೆಗಳು ಏಕಕಾಲಕ್ಕೆ ಸೊನ್ನೆಯಾಗುವುದರಿಂದ, 294 ಜೌಲ್‌ಗಳನ್ನು ಯಾರು ನುಂಗಿದರೆಂಬ ತನಿಖೆ ಏರ್ಪಡುತ್ತದೆ. ‘ದೊಪ್’ ಎಂಬ ಶಬ್ದದ ಪಾಲು ತೀರ ಕಡಿಮೆ. ಬಹುಪಾಲು ಮಣ್ಣನ್ನು ಅದುಮುವುದಕ್ಕೂ, ಮಟ್ಟೆಯನ್ನು ಜಜ್ಜುವುದಕ್ಕೂ ಸಂದು ಕೊನೆಗೆ ಕಾವಾಗಿ ಕರಗುತ್ತದೆ. ಮಳೆಗಾಲದ ಕೆಸರಿನಲ್ಲಿ ಕಾಯಿ 5 ಸೆಂಟಿಮೀಟರ್ ಹೂತು ನಿಂತರೆ ಅದನ್ನು ತಡೆದ ಸರಾಸರಿ ಬಲ 600 ಕಿಲೋಗ್ರಾಂ ಭಾರಕ್ಕೆ ಸಮ. ಸಿಮೆಂಟಿನ ಅಂಗಳದಲ್ಲಿ ಒಂದೇ ಸೆಂಟಿಮೀಟರಿನಲ್ಲಿ ನಿಲ್ಲಬೇಕಾದರೆ ಅದು 3 ಟನ್ನಿನಷ್ಟಾಗುತ್ತದೆ. ಮಟ್ಟೆಯ ನಾರು ಕುಗ್ಗಿಕೊಟ್ಟು ನಿಲ್ಲುವ ದೂರವನ್ನು ಹಿಗ್ಗಿಸುವುದರಿಂದಲೇ ಒಳಗಿನ ಕರಟ ಒಡೆಯದೆ ಉಳಿಯುತ್ತದೆ. ಬಚ್ಚಲುಮನೆಯ ಮಂಗಳೂರು ಹೆಂಚಿಗೆ ಮಟ್ಟೆಯ ಸೌಕರ್ಯವಿಲ್ಲ. ಕಾವಿನ ವಿಷಯವಾಗಿ ಇಂಗ್ಲೆಂಡಿನ ಜೇಮ್ಸ್ ಜೌಲ್ ಎಷ್ಟು ತಲೆ ಕೆಡಿಸಿಕೊಂಡಿದ್ದನೆಂದರೆ, 1847ರಲ್ಲಿ ಹೊಸ ಹೆಂಡತಿಯೊಡನೆ ಆಲ್ಪ್ಸ್ ಪ್ರವಾಸದಲ್ಲಿದ್ದಾಗಲೂ ಜಲಪಾತದ ಕೆಳಗಿನ ನೀರು ಮೇಲಿನದಕ್ಕಿಂತ ಎಷ್ಟು ಬೆಚ್ಚಗಿದೆಯೆಂದು ಅಳೆಯಲು ಥರ್ಮಾಮೀಟರ್ ಒಯ್ದಿದ್ದನೆಂದು ಭೌತವಿಜ್ಞಾನಿ ಕೆಲ್ವಿನ್ ನೆನೆಯುತ್ತಾನೆ. 253 ಮೀಟರಿನ ಜೋಗದ ರಾಜಾ ಧುಮ್ಮಿಕ್ಕುವಾಗಲೂ ಲೆಕ್ಕದ ಪ್ರಕಾರ ನೀರು ಬೆಚ್ಚಗಾಗುವುದು 0.6 ಡಿಗ್ರಿ ಸೆಲ್ಸಿಯಸ್ ಮಾತ್ರ. ಸ್ನಾನಕ್ಕೆ ಅದನ್ನು ನೆಚ್ಚುವಂತಿಲ್ಲ.

ಬಿದ್ದ ಕಾಯಿಯ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಉಂಡೆ ಕೊಬ್ಬರಿಗೆಂದು ಅದನ್ನು 3 ಮೀಟರ್ ಎತ್ತರದ ಅಟ್ಟಕ್ಕೇರಿಸಿದಾಗ ಅದು ಪುನಃ 44 ಜೌಲ್‌ಗಳ ಒಡೆಯನಾಗಿ, ಕೆಳಗೆ ಚಾಪೆ ಹಾಸಿ ಮಲಗಿದ ಸಂಸಾರದ ಮೇಲೆ ತಿಂಗಳುಗಟ್ಟಲೆ ಪ್ರಚ್ಛನ್ನವಾಗಿ ನೆಲೆಸುತ್ತದೆ. ಈ ಅವಧಿಯಲ್ಲಿ ನಡೆಯುವ ವಿದ್ಯಮಾನವು ಇದುವರೆಗಿನ ಸಿದ್ಧಾಂತಕ್ಕೇ ಸವಾಲಿನಂತೆ ಕಾಣುತ್ತದೆ: ಕಾಯಿ ಒಂದು ಕೂದಲೆಳೆಯಷ್ಟೂ ಕೆಳಗಿಳಿಯದಿದ್ದರೂ ಅದರ ಪ್ರಚ್ಛನ್ನ ಶಕ್ತಿ ದಿನೇದಿನೇ ಇಳಿಯುತ್ತ ಹೋಗುತ್ತದೆ. ಕಳ್ಳನಾರೆಂದು ಹುಡುಕಿದರೆ, ಒಳಗಿನ ನೀರು ಮೆಲ್ಲಗೆ ಆವಿಯಾಗಿ, ತನ್ನ ಪಾಲಿನ ಶಕ್ತಿಯನ್ನು ಕಟ್ಟಿಕೊಂಡು ಹೆಂಚಿನ ಸಂದಿಯಿಂದ ಹೊರಟುಹೋಗಿರುವುದು ಪತ್ತೆಯಾಗುತ್ತದೆ. ಎಷ್ಟು ಜೌಲ್ ಹೋಯಿತೆಂದು ತಿಳಿಯಲು ಮನೆಯ ಹಿರಿಯಳು ತಕ್ಕಡಿಯನ್ನು ತರಿಸುವುದಿಲ್ಲ. ಏಣಿಯ ಮೇಲೆ ನಿಂತು ಕಾಯೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ, ಒಳಗೆ ಕೊಬ್ಬರಿ ಲೊಡಲೊಡ ಎಂದರೆ ತೃಪ್ತಿಯಿಂದ ಕೆಳಗೆ ಎಸೆಯುತ್ತಾಳೆ.