ಸದನ ಸೇರಿತಂತೆ, ನಮ್ಮದೇನು ಕೇಳ್ತಾರಂತೆ?

"ಅಣ್ಣಾ, ಅಧಿವೇಶನ ಶುರುವಂತೆ. ಈ ಸಲ ನಮ್ಮ ಎಮ್ಮೆಲ್ಲೆ ಏನು ಕೇಳ್ತಾರಂತೆ?"

ಬೇಲಿಯಾಚೆ ಒಣಗರಿ ಎಳೆದು ಗುಡ್ಡೆ ಹಾಕುತ್ತಿದ್ದ ಪಕ್ಕದ ತೋಟದ ಅಣ್ಣ ಕತ್ತು ಎತ್ತಲಿಲ್ಲ. "ಅವರು ಕೇಳೋದೇನು ಬಂತು? ನಾವಲ್ವಾ ಅವರನ್ನ ಕೇಳೋದು, ರಸ್ತೆ ಯಾವಾಗ, ಚರಂಡಿ ಯಾವಾಗ ಅಂತ!"

ಅಣ್ಣನ ಮಾತು ಸುಳ್ಳಲ್ಲ ನೋಡಿ. ಅರಸೀಕೆರೆ ಸೀಮೆಯಲ್ಲಿ ಶಾಸಕರು ಜನಕ್ಕೆ ವರದಿ ಒಪ್ಪಿಸುವ ಜಾಗ ಅಂದರೆ ಕಲ್ಯಾಣ ಮಂಟಪ, ತಿಥಿ ಮನೆ, ಗುದ್ದಲಿ ಪೂಜೆಯ ಶಾಮಿಯಾನ. ಅಲ್ಲಿ ಕೋಟಿಗಳ ಲೆಕ್ಕ ಬರುತ್ತದೆ. ಇಷ್ಟು ತಂದೆ, ಇನ್ನಿಷ್ಟು ತರುತ್ತೇನೆ. ಆದರೆ ಸದನದಲ್ಲಿ ಎದ್ದು ನಿಂತು ಕೇಳಿದ್ದೇನು, ಮಂತ್ರಿಗಳು ಕೊಟ್ಟ ಉತ್ತರವೇನು ಅನ್ನುವುದು ಆ ಭಾಷಣದಲ್ಲಿ ಇರುವುದಿಲ್ಲ. ನಾವೂ ಕೇಳುವುದಿಲ್ಲ. ಮೈಕಿನ ಮುಂದೆ ಚಪ್ಪಾಳೆ ಹೊಡೆದು ಫೋಟೋ ತೆಗೆಸಿಕೊಂಡು ಊಟಕ್ಕೆ ಹೋಗುತ್ತೇವೆ.

"ಹಿಂದೆ ಹಿಂಗಿರ್ಲಿಲ್ಲ ಕಣಣ್ಣ" ಅಂದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದರು. ಸೇರಿದವರು 144 ಜನ. ದಸರೆಗೆ ಬಂದ ತಾಲ್ಲೂಕು ರೈತರು, ವರ್ತಕರು. ಅವರ ಮುಂದೆ ದಿವಾನರೇ ನಿಂತು, ಹೋದ ವರ್ಷ ಬಂದದ್ದೇನು, ಖರ್ಚಾದದ್ದೇನು, ಮುಂದೇನು ಮಾಡುತ್ತೇವೆ ಅಂತ ಹೇಳಿದರು. ಓಟು ಹಾಕುವ ಹಕ್ಕಿರಲಿಲ್ಲ, ಸರ್ಕಾರವನ್ನು ಇಳಿಸುವ ಮಾತಂತೂ ದೂರ. ಆದರೂ ಸರ್ಕಾರ ವರದಿ ಒಪ್ಪಿಸಿತು, ಬಂದವರು ಕೇಳಿಸಿಕೊಂಡು ತಮ್ಮೂರ ಅಹವಾಲು ಹೇಳಿದರು. ಈಗ ಓಟು ನಮ್ಮ ಕೈಲಿದೆ, ವಿಧಾನಸಭೆಯಲ್ಲಿ 224 ಜನ ಇದ್ದಾರೆ. ವರದಿ ಮಾತ್ರ ಕಾಣೆ.

ಅಣ್ಣನಿಗೆ ದಿವಾನರ ಕಥೆ ರುಚಿಸಲಿಲ್ಲ. "ದಸರಾ ಬಿಡು, ಕೊಬ್ಬರಿ ಹೇಳು" ಅಂದರು.

ಕೊಬ್ಬರಿ ಅಂದರೆ ಇಲ್ಲಿ ಯಾರೂ ಸುಮ್ಮನಿರುವುದಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ಸಿಗುತ್ತಿದ್ದದ್ದು ಎಂಟು ಸಾವಿರದ ಆಸುಪಾಸು. ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾಯ್ದು ಇಳಿಸಿದ ಕೊಬ್ಬರಿಗೆ ಆ ಬೆಲೆ ಅಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಸದನದಲ್ಲಿ ಮಾತು ಎದ್ದಿತು, ರಾಜ್ಯ ಸರ್ಕಾರ ಕ್ವಿಂಟಲಿಗೆ 1,500 ಪ್ರೋತ್ಸಾಹಧನ ಸೇರಿಸಿತು. ಆಮೇಲೆ ಬೆಂಬಲ ಬೆಲೆಗೆ ಕೊಬ್ಬರಿ ಕೊಳ್ಳುವ ನಾಫೆಡ್‌ನ ನೋಂದಣಿಗೆ ಸರದಿ ನಿಂತ ಕಥೆ ನಿಮಗೇ ಗೊತ್ತು. 2025ರಲ್ಲಿ ಬೆಲೆ 20,000 ದಾಟಿತು. ಅಷ್ಟು ಹೊತ್ತಿಗೆ ಕಪ್ಪು ತಲೆ ಹುಳು, ಬಿಳಿ ನೊಣ ಸೇರಿಕೊಂಡು ಗೊನೆಯಲ್ಲಿ ಕಾಯೇ ಇಲ್ಲ.

"ಬೆಲೆ ಬಿದ್ದಾಗ ಸದನದಲ್ಲಿ ಗಲಾಟೆ, ರೋಗ ಬಿದ್ದಾಗ ಗಪ್‌ಚಿಪ್" ಅಂತ ಅಣ್ಣ ಅಂದದ್ದರಲ್ಲಿ ನ್ಯಾಯವಿದೆ. ಬೆಲೆ ಪೇಪರಿನಲ್ಲಿ ಬರುತ್ತದೆ, ಹುಳು ಬರುವುದಿಲ್ಲ.

ಅಣ್ಣನ ತಂಗಿಯನ್ನು ಹಳೇಬೀಡಿನ ಕಡೆ ಕೊಟ್ಟಿದ್ದಾರೆ. ಭಾವನವರದು ಇನ್ನೊಂದು ರಾಗ. ಬೇಲೂರು ತಾಲ್ಲೂಕನ್ನು ನೋಡಿದವರಿಗೆ ಗೊತ್ತು, ಅದು ಒಂದೇ ಹೆಸರಿನ ಎರಡು ಊರು. ಬಿಕ್ಕೋಡು, ಅರೇಹಳ್ಳಿ ಕಡೆ ಮಳೆ, ಕಾಫಿ, ಆನೆ. ಹಳೇಬೀಡು, ಮಾದಿಹಳ್ಳಿ ಕಡೆ ಬಿಸಿಲು, ಬೋರ್‌ವೆಲ್, ಒಣಕೆರೆ. ಇಬ್ಬರಿಗೂ ಎಮ್ಮೆಲ್ಲೆ ಒಬ್ಬರೇ. 2023ರಲ್ಲಿ ಅಲ್ಲಿ ಗೆದ್ದದ್ದು ಬಿಜೆಪಿಯ ಎಚ್.ಕೆ. ಸುರೇಶ್. ಎದ್ದು ನಿಂತರೆ ಆನೆ ಅನ್ನಬೇಕೋ ನೀರು ಅನ್ನಬೇಕೋ?

ಆನೆಯ ಮಾತೇ ತಗೊಳ್ಳಿ. 2023ರ ಡಿಸೆಂಬರ್ 4ರಂದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಶುರುವಾಯಿತು. ಅದೇ ದಿನ ಇತ್ತ ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದ ಕಾಡಿನಲ್ಲಿ, ದಸರೆಯ ಅಂಬಾರಿ ಹೊತ್ತಿದ್ದ ಆನೆ ಅರ್ಜುನ ಕಾಡಾನೆಯ ಜೊತೆ ಕಾದಾಡಿ ಸತ್ತ. ನಾಡಿಗೆ ನಾಡೇ ಅತ್ತಿತು. ಆನೆ ತುಳಿದು ಸತ್ತ ಕೂಲಿಯವರಿಗೆ ಅಷ್ಟು ಜನ ಅತ್ತದ್ದನ್ನು ನಾನು ಕಂಡಿಲ್ಲ.

ಹಳೇಬೀಡಿನ ಭಾವನವರಿಗೆ ಬೇಕಾದದ್ದು ನೀರು. ಯಗಚಿಯಿಂದ ದ್ವಾರಸಮುದ್ರ ಕೆರೆಗೆ ನೀರು ತರುವ ರಣಘಟ್ಟ ಯೋಜನೆಯ ಮಾತು ಎಷ್ಟು ಬಜೆಟ್ ಕಂಡಿದೆಯೋ! ಪುಷ್ಪಗಿರಿ ಸ್ವಾಮಿಗಳ ಜೊತೆ ರೈತರು ಬೀದಿಗಿಳಿದು ಕೇಳಿದ್ದೂ ಆಗಿದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊ ಪಟ್ಟಿಗೆ ಸೇರಿದಾಗ ಎಲ್ಲರೂ ಹೆಮ್ಮೆಪಟ್ಟರು. ಹೊಯ್ಸಳರು ಕೆರೆಯನ್ನೂ ಕಟ್ಟಿಸಿದ್ದರು ಅನ್ನುವುದು ಆ ಗದ್ದಲದಲ್ಲಿ ಕೇಳಿಸಲಿಲ್ಲ.

ಇನ್ನು ಎತ್ತಿನಹೊಳೆ ನೀರಿನ ಯೋಜನೆ. ಒಟ್ಟು 252 ಕಿಲೋಮೀಟರ್ ಗುರುತ್ವ ಕಾಲುವೆ, ಬೇಲೂರು ದಾಟಿ ನಮ್ಮ ಅರಸೀಕೆರೆ ಮೇಲೆಯೇ ಹೋಗಬೇಕು. 12,912 ಕೋಟಿ ಇದ್ದ ಅಂದಾಜು 2023ಕ್ಕೆ 23,251 ಕೋಟಿ ಆಯಿತು. 2024ರ ಗೌರಿ ಹಬ್ಬದ ದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಮೊದಲ ಹಂತಕ್ಕೆ ಚಾಲನೆ ಕೊಟ್ಟರು. ಕಾಲುವೆ ಪೂರ್ತಿಯಾಗಿರಲಿಲ್ಲವಾದ್ದರಿಂದ ನೀರು ಅರ್ಧದಲ್ಲೇ ತಿರುಗಿ ವಾಣಿವಿಲಾಸ ಸಾಗರದ ದಾರಿ ಹಿಡಿಯಿತು. ಹಿರಿಯೂರಿನವರಿಗೆ ಒಳ್ಳೆಯದಾಯಿತು ಬಿಡಿ, ಅವರೂ ನಮ್ಮವರೇ. ಆದರೂ ಮನೆ ಮುಂದೆ ಹಾದ ಹಾಲಿನ ಗಾಡಿ ನಮ್ಮ ಚೊಂಬಿಗೆ ತೊಟ್ಟೂ ಹಾಕದೆ ಹೋದ ಹಾಗಾಯಿತು.

ಅಣ್ಣನಿಗೂ ಭಾವನವರಿಗೂ ಜಗಳ ಬರುವುದು ಯಾರ ಎಮ್ಮೆಲ್ಲೆ ಮೇಲು ಅನ್ನುವುದರಲ್ಲೇ. ಅರಸೀಕೆರೆಯ ಕೆ.ಎಂ. ಶಿವಲಿಂಗೇಗೌಡರು 2008ರಿಂದ ನಾಲ್ಕು ಸಲ ಗೆದ್ದವರು, ಮೂರು ಸಲ ಜೆಡಿಎಸ್‌ನಿಂದ, 2023ರಲ್ಲಿ ಕಾಂಗ್ರೆಸ್‌ನಿಂದ. "ನಮ್ಮೋರು ಆಡಳಿತ ಪಕ್ಷ, ಕೆಲಸ ಆಗುತ್ತೆ" ಅಂತ ಅಣ್ಣ. "ನಮ್ಮೋರು ವಿರೋಧ ಪಕ್ಷ, ಬಾಯಾದ್ರೂ ಇದೆ" ಅಂತ ಭಾವ. ಇಬ್ಬರ ಮಾತಿನಲ್ಲೂ ಹುರುಳಿದೆ. ಆಡಳಿತ ಪಕ್ಷದ ಶಾಸಕರಿಗೆ ಮಂತ್ರಿಗಳ ಕೊಠಡಿಯ ಬಾಗಿಲು ಬೇಗ ತೆರೆಯುತ್ತದೆ, ಆದರೆ ಅಲ್ಲಿ ಆಡಿದ್ದು ದಾಖಲೆಯಾಗುವುದಿಲ್ಲ. ಸದನದಲ್ಲಿ ಕೇಳಿದ್ದು ಅಚ್ಚಾಗಿ ಉಳಿಯುತ್ತದೆ. ನನ್ನನ್ನು ಕೇಳಿದರೆ ಅಚ್ಚಾದದ್ದೇ ವಾಸಿ.

"ಅಚ್ಚಾದ್ರೆ ಏನಪ್ಪ, ಪರಿಶೀಲನೆಯಲ್ಲಿದೆ ಅಂತ ಬರೆದಿರ್ತಾರೆ" ಅಂದರು ಅಣ್ಣ.

ಬರೆಯಲಿ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸದನದಲ್ಲೇ ಬಾಯಿಬಿಟ್ಟು ಹೇಳಬೇಕು, ಚುಕ್ಕೆ ಇಲ್ಲದ್ದಕ್ಕೆ ಬರವಣಿಗೆಯಲ್ಲಿ ಕೊಡಬೇಕು. "ಅನುದಾನದ ಲಭ್ಯತೆಯನ್ನು ನೋಡಿಕೊಂಡು" ಅಂತ ಉತ್ತರ ಬಂದರೂ ಅದು ಒಂದು ತಾರೀಖು ಹಾಕಿದ ಕಾಗದ. ಮುಂದಿನ ವರ್ಷ ಅದನ್ನೇ ಹಿಡಿದು, ಲಭ್ಯವಾಯಿತೇ ಸ್ವಾಮಿ ಅಂತ ಕೇಳಬಹುದು. ಪ್ರಶ್ನೋತ್ತರಗಳು ವಿಧಾನಸಭೆಯ ವೆಬ್‌ಸೈಟಿನಲ್ಲಿ ಕನ್ನಡದಲ್ಲೇ ಸಿಗುತ್ತವೆ. ಅಣ್ಣನ ಮಗಳು ಮೊಬೈಲಿನಲ್ಲಿ ತೆಗೆದು ತೋರಿಸಿದ ಮೇಲೆ ಅಣ್ಣ ಗರಿ ಬಿಟ್ಟು ಬೇಲಿ ಹತ್ತಿರ ಬಂದರು.

ಸಂವಿಧಾನದ ಪ್ರಕಾರ ಎರಡು ಅಧಿವೇಶನಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರುವಂತಿಲ್ಲ. ಹಾಗಾಗಿ ನಮ್ಮ ಸರದಿ ಬರುತ್ತಲೇ ಇರುತ್ತದೆ. ಆದರೆ ಪ್ರಶ್ನೆಗೆ ನೋಟಿಸ್ ಮುಂಚೆಯೇ ಕೊಡಬೇಕು. ಶಾಸಕರು ಬೆಳಗಾವಿಯಲ್ಲಿ ಕೂತ ಮೇಲೆ ನಾವಿಲ್ಲಿ ಎಚ್ಚರಾದರೆ ಉಪಯೋಗವಿಲ್ಲ. ಅಧಿವೇಶನದ ತಾರೀಖು ಪೇಪರಿನಲ್ಲಿ ಕಂಡ ದಿನವೇ ನಿಮ್ಮ ಎಮ್ಮೆಲ್ಲೆಗೆ ಒಂದು ಕಾಗದ ಬರೆಯಿರಿ, ಹುಳುವಿನದೋ ಆನೆಯದೋ ಕೆರೆಯದೋ. ಮದುವೆ ಮನೆಯಲ್ಲಿ ಸಿಕ್ಕರೆ ಫೋಟೋ ಆಮೇಲೆ ತೆಗೆಸಿಕೊಳ್ಳಿ. ಮೊದಲು ಕೇಳಿ: "ಸಾರ್, ಈ ಸಲ ನಮ್ಮೂರಿಂದ ಯಾವ ಪ್ರಶ್ನೆ ಹಾಕಿದ್ದೀರಿ?"