ಕಾರ್ ರೇಡಿಯೋ ಗೃಹಪ್ರವೇಶ ಮೀಮಾಂಸೆ

ಒಮಾನಿನ ಕನ್ನಡಿಗರ ಬೌದ್ಧಿಕ ಜೀವನದ ಬಗ್ಗೆ ಬರೆದವರು ರಾಜ್ಯೋತ್ಸವ, ಯಕ್ಷಗಾನ, ದಾರ್ಸೈತಿನ ಕೃಷ್ಣ ದೇವಸ್ಥಾನ ಇಷ್ಟಕ್ಕೇ ಲೇಖನಿ ಕೆಳಗಿಟ್ಟಿದ್ದಾರೆ. ಮಸ್ಕತ್ತಿನ ರೂವಿ, ವಾದಿ ಕಬೀರ್, ಹಮ್ರಿಯಾಗಳ ಬ್ಯಾಚುಲರ್ ಕೋಣೆಗಳಲ್ಲಿ ಮಂಚದಡಿ ಬೆಳೆದ ಒಂದು ಶಾಸ್ತ್ರವನ್ನು ಯಾರೂ ಬಗ್ಗಿ ನೋಡಿಲ್ಲ. ಕಾರಿನಿಂದ ಕಳಚಿದ ರೇಡಿಯೋವನ್ನು ಗೋಡೆಯ ಕರೆಂಟಿನಲ್ಲಿ ಹಾಡಿಸುವುದು ಹೇಗೆ, ಹಾಡಿದ ಮೇಲೂ ಅದು ಕಾರ್ ರೇಡಿಯೋವೇ ಹೌದೇ, ಬಿಲ್ಲು ಯಾರು ಕಟ್ಟತಕ್ಕದ್ದು ಎಂಬ ಮೂರು ಪ್ರಶ್ನೆಗಳೇ ಈ ಶಾಸ್ತ್ರದ ಪ್ರಸ್ಥಾನತ್ರಯ. ಮೂರನೆಯದಕ್ಕೆ ಇದುವರೆಗೆ ಭಾಷ್ಯಕಾರರು ಸಿಕ್ಕಿಲ್ಲ.

ಮೊದಲು ವಸ್ತುವಿನ ಉತ್ಪತ್ತಿ. ವಾದಿ ಕಬೀರಿನ ಶುಕ್ರವಾರದ ಸಂತೆಯಲ್ಲಿ ಹಳೆ ಕಾರು ಕೊಂಡವನು ಮುಲ್ಕಿಯಾ ಎಂಬ ನೋಂದಣಿ ಪತ್ರ ತನ್ನ ಹೆಸರಿಗಾದ ಮರುದಿನವೇ ಡ್ಯಾಶ್‌ಬೋರ್ಡಿಗೆ ಆಂಡ್ರಾಯ್ಡ್ ಸ್ಕ್ರೀನ್ ಹಾಕಿಸುತ್ತಾನೆ. ಕಳಚಿದ ಹಳೆಯ ಸೆಟ್ಟು ಪ್ಲಾಸ್ಟಿಕ್ ಚೀಲದಲ್ಲಿ ಕೋಣೆಗೆ ಬರುತ್ತದೆ. ಎಸೆಯಲು ಮನಸ್ಸಿಲ್ಲ, ಮಾರಿದರೆ ಎರಡು ರಿಯಾಲೂ ಹುಟ್ಟುವುದಿಲ್ಲ. ಈ ಎರಡು ಅಭಾವಗಳ ಸಂಗಮದಲ್ಲಿ ಶಾಸ್ತ್ರ ಹುಟ್ಟಿತು.

ಇದನ್ನು ಹೊಸ ಚಪಲವೆಂದು ಮೂಗು ಮುರಿಯುವವರಿಗೆ ಇತಿಹಾಸವೇ ಉತ್ತರ ಹೇಳುತ್ತದೆ. 1928ರಲ್ಲಿ ಷಿಕಾಗೋದಲ್ಲಿ ಗ್ಯಾಲ್ವಿನ್ ಸಹೋದರರು ತೆರೆದ ಕಾರ್ಖಾನೆಯ ಮೊದಲ ಸರಕು ಬ್ಯಾಟರಿ ಎಲಿಮಿನೇಟರ್. ಬ್ಯಾಟರಿಯ ರೇಡಿಯೋವನ್ನು ಮನೆಯ ಕರೆಂಟಿನಲ್ಲಿ ನಡೆಸುವ ಡಬ್ಬಿ ಅದು. 1930ರಲ್ಲಿ ಅದೇ ಕಾರ್ಖಾನೆ ಮೋಟೊರೋಲಾ ಎಂಬ ಹೆಸರಿನಲ್ಲಿ ಕಾರಿಗೆ ರೇಡಿಯೋ ಕೂರಿಸಿತು. ಅಂದರೆ ರೇಡಿಯೋವನ್ನು ಬ್ಯಾಟರಿಯಿಂದ ಬಿಡಿಸಿದವರೇ ಎರಡು ವರ್ಷದೊಳಗೆ ಅದನ್ನು ಮತ್ತೆ ಬ್ಯಾಟರಿಗೆ ಕಟ್ಟಿದರು. ರೂವಿಯ ನಮ್ಮ ಪಂಡಿತರು ಮಾಡುತ್ತಿರುವುದು ಜೀರ್ಣೋದ್ಧಾರ ಮಾತ್ರ. ಇನ್ನು ಕಾರಿನ ವಸ್ತು ಮನೆಯೊಳಗೆ ಶೋಭಿಸದು ಎಂಬ ಆಕ್ಷೇಪ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಇಡೀ ಪ್ರಸಾರ ಕೇಂದ್ರವನ್ನೇ ಇಟ್ಟುಕೊಂಡಿದ್ದರು. ಕೇಂದ್ರಕ್ಕೆ ಹಿಡಿಸದ ಮೈಲಿಗೆ ಬರಿಯ ಪೆಟ್ಟಿಗೆಗೆ ಹಿಡಿಸೀತೇ?

ಈಗ ತಂತುವಿಚಾರ. ಸೆಟ್ಟಿನ ಬೆನ್ನಿನಿಂದ ವೈರುಗಳ ಜಟೆಯೇ ಹೊರಟಿದ್ದರೂ ಮುಮುಕ್ಷುವಿಗೆ ಮುಖ್ಯವಾದವು ಮೂರು. ಕಪ್ಪು ನೆಲ, ಅಂದರೆ ಗ್ರೌಂಡ್. ಹಳದಿಯದು ಬ್ಯಾಟರಿಯಿಂದ ಸದಾ ಬರುವ 12 ವೋಲ್ಟ್. ಗಡಿಯಾರವನ್ನೂ ಆರಿಸಿಟ್ಟ ಸ್ಟೇಷನ್‌ಗಳನ್ನೂ ಕಾಯುವುದು ಅದೇ, ಆದ್ದರಿಂದ ಸ್ಮೃತಿ. ಕೆಂಪಿನದು, ಕೀಲಿ ತಿರುಗಿಸಿದಾಗ ಮಾತ್ರ ಜೀವ ತಳೆಯುವುದು. ಅದಿಲ್ಲದೆ ಏನೂ ಕೇಳಿಸದು, ಆದ್ದರಿಂದ ಶ್ರುತಿ. ಕಾರಿನಲ್ಲಿ ಶ್ರುತಿ ಸ್ಮೃತಿಗಳು ಬೇರೆ ಬೇರೆ. ಕೋಣೆಯಲ್ಲಿ ಕೀಲಿಯೇ ಇಲ್ಲದ ಕಾರಣ ಎರಡನ್ನೂ ಒಟ್ಟಿಗೆ ಹೊಸೆದು ಟೇಪು ಸುತ್ತುತ್ತಾರೆ. ಇಲ್ಲಿಂದಲೇ ಅನರ್ಥದ ಆರಂಭ. ಉಡುಪಿ ಕಡೆಯವನೊಬ್ಬ ಕೋಣೆಯಲ್ಲಿದ್ದರೆ ಕೆಲಸಕ್ಕೆ ಹೊರಡುವಾಗ ಗೋಡೆಯ ಸ್ವಿಚ್ಚನ್ನು ಆರಿಸಿಯೇ ಆರಿಸುತ್ತಾನೆ. ಸಂಜೆ ಬಂದು ನೋಡಿದರೆ ಗಡಿಯಾರ ಆದಿಕಾಲಕ್ಕೆ ಹೋಗಿ ನಿಂತಿರುತ್ತದೆ, ಸ್ಟೇಷನ್‌ಗಳೆಲ್ಲ ಅಳಿಸಿಹೋಗಿರುತ್ತವೆ.

“ಸ್ವಿಚ್ ಆಫ್ ಮಾಡ್ಬೇಡ ಅಂತ ಎಷ್ಟು ಸಲ ಹೇಳುದು ಮಾರಾಯಾ?”

“ಹಾಗಾದ್ರೆ ಬಿಲ್ಲು ನೀನೇ ಕಟ್ಟು ಮಾರಾಯಾ.”

ಪ್ರಸ್ಥಾನತ್ರಯದ ಮೂರನೆಯ ಪ್ರಶ್ನೆ ಮತ್ತೆ ಮತ್ತೆ ತಲೆ ಎತ್ತುವುದು ಹೀಗೆ. ಯುರೋಪಿನ ಕೆಲವು ಸೆಟ್ಟುಗಳಂತೂ ಒಮ್ಮೆ ಕರೆಂಟು ತಪ್ಪಿದರೆ ಕಳ್ಳನ ಕೈಗೆ ಸಿಕ್ಕೆವೆಂದು ಬಗೆದು ಕೋಡ್ ಕೇಳುತ್ತವೆ. ಕೋಡ್ ಬರೆದ ಕಾರ್ಡು ಕಾರಿನ ಪುಸ್ತಕದಲ್ಲಿ, ಪುಸ್ತಕ ಮಾರಿದ ಕಾರಿನಲ್ಲಿ, ಕಾರು ಸಲಾಲೆಯಲ್ಲಿ.

ಶಕ್ತಿಯ ಮೂಲದ ಬಗ್ಗೆ ಮೂರು ಮತಗಳಿವೆ. ಅಡಾಪ್ಟರ್ ಮತದವರು ಕೆಟ್ಟ ರೌಟರಿನ 12 ವೋಲ್ಟ್, ಒಂದು ಆಂಪಿಯರ್ ಅಡಾಪ್ಟರನ್ನೇ ನಂಬಿದವರು. ದೀಪ ಹತ್ತುತ್ತದೆ, ವಾರ್ತೆ ಸ್ಪಷ್ಟ, ಭಾವಗೀತೆಯೂ ಸಲೀಸು. ಪೆನ್ ಡ್ರೈವಿನಿಂದ ಯಕ್ಷಗಾನ ಹಚ್ಚಿದಾಗ ಸತ್ಯ ಬಯಲಾಗುತ್ತದೆ. ಭಾಗವತರ ಕಂಠವನ್ನು ಸೆಟ್ಟು ತಾಳುತ್ತದೆ. ಚೆಂಡೆಯ ಮೊದಲ ಪೆಟ್ಟಿಗೆ ಆಂಪಿಯರು ಸಾಲದೆ ವೋಲ್ಟು ಕುಸಿದು, ದೀಪ ಆರಿ, ಸೆಟ್ಟು ಪುನರ್ಜನ್ಮ ತಾಳಿ, ತಯಾರಕನ ಹೆಸರನ್ನು ಪರದೆಯ ಮೇಲೆ ಮೆರವಣಿಗೆ ಮಾಡಿಸಿ, ಪದ್ಯವನ್ನು ಮೊದಲಿನಿಂದ ಎತ್ತಿಕೊಳ್ಳುತ್ತದೆ. ಮತ್ತೆ ಚೆಂಡೆ. ಈ ಮತದಲ್ಲಿ ರಾಕ್ಷಸ ವೇಷದ ಪ್ರವೇಶವನ್ನು ಪೂರ್ತಿ ಕೇಳಿದವರಿಲ್ಲ.

ಎಸ್‌ಎಂಪಿಎಸ್ ಮತ ಹೆಚ್ಚು ಗಂಭೀರ. ಸತ್ತ ಕಂಪ್ಯೂಟರಿನ ಪವರ್ ಸಪ್ಲೈ ತಂದು, ಹಸಿರು ವೈರಿಗೆ ಕಪ್ಪನ್ನು ಸೇರಿಸಿದರೆ ಫ್ಯಾನು ತಿರುಗಿ ಅದು ಎಚ್ಚೆತ್ತುಕೊಳ್ಳುತ್ತದೆ. ಅದರ ಹಳದಿಯಲ್ಲಿ 12 ವೋಲ್ಟು, ಹತ್ತು ಆಂಪಿಯರಿಗೆ ಮೋಸವಿಲ್ಲ. ಚೆಂಡೆ ಮದ್ದಳೆಗಳೆರಡೂ ನಿರಾತಂಕ. ವಿಪತ್ತು ಬಣ್ಣದಲ್ಲಿದೆ. ಹಳದಿಗೆ ಹಳದಿ, ಕೆಂಪಿಗೆ ಕೆಂಪು ಎಂದು ಸಜಾತಿ ವಿವಾಹ ಮಾಡಿಸುವ ಶಿಷ್ಯನಿಗೆ ಎಸ್‌ಎಂಪಿಎಸ್‌ನ ಕೆಂಪಿನಲ್ಲಿರುವುದು 5 ವೋಲ್ಟ್ ಮಾತ್ರ ಎಂಬುದು ತಿಳಿದಿರುವುದಿಲ್ಲ. ಸ್ಮೃತಿಗೆ ಹನ್ನೆರಡು, ಶ್ರುತಿಗೆ ಐದು. ಸೆಟ್ಟಿಗೆ ಎಲ್ಲವೂ ನೆನಪಿದೆ, ಆದರೆ ಏಳಲು ಒಲ್ಲದು. ನಿರ್ಣಯ: ರೇಡಿಯೋದ ಕೆಂಪು ಹಳದಿಗಳೆರಡೂ ಎಸ್‌ಎಂಪಿಎಸ್‌ನ ಹಳದಿಗೇ. ಡಬ್ಬಿಯ ಮುಚ್ಚಳ ತೆಗೆಯಕೂಡದು ಎಂಬುದನ್ನು ಮಾತ್ರ ಅಣಕವೆಂದು ಓದಬಾರದು. ಒಮಾನಿನ ಗೋಡೆಯಲ್ಲಿರುವುದು 240 ವೋಲ್ಟ್. ಒಳಗಿನ ಕೆಪಾಸಿಟರುಗಳು ಸುಮಾರು 340 ವೋಲ್ಟಿನವರೆಗೆ ತುಂಬಿಕೊಳ್ಳುತ್ತವೆ, ಪ್ಲಗ್ ಕಿತ್ತ ಮೇಲೂ ಕೊಂಚ ಹೊತ್ತು ಹಿಡಿದಿಟ್ಟುಕೊಳ್ಳುತ್ತವೆ.

ಬ್ಯಾಟರಿ ಮತದವರು ಕಾರಿನ ಬ್ಯಾಟರಿಯನ್ನೇ ಕೋಣೆಗೆ ಹೊತ್ತು ತಂದು ಚಾರ್ಜರ್ ಹಚ್ಚುತ್ತಾರೆ. ಕಿಟಕಿ ಬಿಗಿದ ಎಸಿ ಕೋಣೆಯಲ್ಲಿ ಚಾರ್ಜಾಗುವ ಬ್ಯಾಟರಿ ಜಲಜನಕ ಉಗುಳುವುದರಿಂದ ಈ ಮತವನ್ನು ಇಲ್ಲಿಗೇ ಖಂಡಿಸಲಾಗಿದೆ. ನೇರವಾಗಿ 240ಕ್ಕೇ ಜೋಡಿಸಬೇಕೆಂಬ ನಾಲ್ಕನೆಯ ಮತಕ್ಕೆ ಈಗ ಅನುಯಾಯಿಗಳಿಲ್ಲ.

ಸೆಟ್ಟಿನ ಹಣೆಯ ಮೇಲೆ 50 ವ್ಯಾಟ್ ಗುಣಿಸು ನಾಲ್ಕು ಎಂದು ಬರೆದಿರುತ್ತದೆ. ಬೆನ್ನಿನ ಫ್ಯೂಸು 10 ಆಂಪಿಯರಿನದು. ಎಂಜಿನ್ ಓಡುವಾಗಿನ 14.4 ವೋಲ್ಟ್ ಹಿಡಿದರೂ ಒಳಹೋಗುವುದು 144 ವ್ಯಾಟ್, ಹೊರಬರಬೇಕಾದದ್ದು 200. ಉಳಿದ 56 ವ್ಯಾಟನ್ನು ದೈವಕೃಪೆಯ ಖಾತೆಗೆ ಬರೆಯುವುದು ವಾಡಿಕೆ.

ಸ್ಪೀಕರನ್ನು ಬರಿದೇ ನೆಲದ ಮೇಲಿಟ್ಟರೆ ಅದರ ಮುಂದಿನ ಸದ್ದೂ ಹಿಂದಿನ ಸದ್ದೂ ಒಂದನ್ನೊಂದು ನುಂಗಿ, ಮದ್ದಳೆ ತಗಡಿನ ಡಬ್ಬಿಯಾಗುತ್ತದೆ. ಕಾರಿನಲ್ಲಿ ಬಾಗಿಲು ಮಾಡುವ ಕೆಲಸವನ್ನು ಮಸ್ಕತ್ತಿನಲ್ಲಿ ಚಿಪ್ಸ್ ಒಮಾನ್‌ನ ಖಾಲಿ ರಟ್ಟಿನ ಪೆಟ್ಟಿಗೆ ಮಾಡುತ್ತದೆ. ಆರಿಂಚಿನ ವೃತ್ತ ಕತ್ತರಿಸಿ, ಸ್ಪೀಕರ್ ಕೂರಿಸಿ, ಅಂಚಿಗೆ ಟೇಪು ಅಂಟಿಸಿದರೆ ಸಾಕು. ಸ್ಪೀಕರಿನ ನೆಗೆಟಿವ್ ತಂತಿಯನ್ನು ಕಪ್ಪು ನೆಲಕ್ಕೆ ಕೂಡಿಸಿದವನ ಆಂಪ್ಲಿಫೈಯರ್ ಸುಟ್ಟರೆ ಗ್ರಂಥಕರ್ತ ಹೊಣೆಯಲ್ಲ. ಆ ತಂತಿಯಲ್ಲೂ ವೋಲ್ಟಿರುತ್ತದೆ.

ಕೆಲವು ಸೆಟ್ಟುಗಳಿಗೆ ಜನ್ಮದೋಷವಿದೆ. ಅಮೆರಿಕದಿಂದ ಬಂದ ಹಳೆ ಕಾರಿನದಾದರೆ ಅದು ಬೆಸ ಸಂಖ್ಯೆಯ ಕಟ್ಟಾ ಉಪಾಸಕ, 90.3ರಿಂದ 90.5ಕ್ಕೆ ನೆಗೆಯುತ್ತದೆ, ನಡುವಿನ 90.4ರಲ್ಲಿ ಒಮಾನ್ ರೇಡಿಯೋದ ಇಂಗ್ಲಿಷ್ ವಾಹಿನಿ ಇರುವುದನ್ನು ಕಣ್ಣೆತ್ತಿ ನೋಡುವುದಿಲ್ಲ. 95.9ರ ಹೈ ಎಫ್‌ಎಂ ಬೆಸವಾದ್ದರಿಂದ ಧಾರಾಳ. ಮಧ್ಯಮ ತರಂಗದಲ್ಲಿ ಹತ್ತರ ಮಗ್ಗಿ ಬಿಟ್ಟು ಬೇರೆ ಬಾರದು. ಮಂಗಳೂರು ಆಕಾಶವಾಣಿಯ 1089ರ ಬದಲು 1090 ತೋರಿಸಿ ಸುಮ್ಮನಾಗುತ್ತದೆ. ಮೆನುವಿನಲ್ಲಿ ದೇಶ ಬದಲಿಸಿದರೆ ಪರಿಹಾರವುಂಟು. ಆದರೂ ಎಸ್‌ಎಂಪಿಎಸ್‌ನ ಕರ್ಕಶದ ನಡುವೆ, ಎರಡು ಸಾವಿರ ಕಿಲೋಮೀಟರು ಆಚೆಯ ಮಂಗಳೂರನ್ನು ರಾತ್ರಿ ಹುಡುಕಿ ಕುಳಿತವರು ಕೊನೆಗೆ ಬ್ಲೂಟೂತಿನಲ್ಲಿ ಫೋನಿನಿಂದಲೇ ಆಕಾಶವಾಣಿ ಹಚ್ಚುತ್ತಾರೆ. ಆಗ ರೇಡಿಯೋ ರೇಡಿಯೋವಾಗಿಲ್ಲ, ಕೋಣೆ ಕಾರಾಗಿಲ್ಲ, ಮಂಗಳೂರು ಮಾತ್ರ ಮಂಗಳೂರೇ ಆಗಿದೆ.

ಅತಿ ಸೂಕ್ಷ್ಮವಾದ ವಾದ ಹ್ಯಾಂಡ್‌ಬ್ರೇಕ್ ವೈರಿನದು. ವಿಡಿಯೋ ಇರುವ ಸೆಟ್ಟು, ಬ್ರೇಕ್ ಹಾಕಿದೆ ಎಂಬ ಸಾಕ್ಷಿ ಸಿಗುವತನಕ ಚಿತ್ರ ತೋರಿಸುವುದಿಲ್ಲ. ಕೋಣೆ ಓಡುತ್ತಿಲ್ಲವೆಂದು ಸಾಬೀತುಪಡಿಸುವುದು ಹೇಗೆ? ಆ ವೈರನ್ನು ಕಪ್ಪಿಗೆ ಮುಟ್ಟಿಸಿ ಕಟ್ಟಡಕ್ಕೆ ಶಾಶ್ವತ ಬ್ರೇಕ್ ಹಾಕಿದ್ದಾಗಿ ಘೋಷಿಸಬೇಕು. ಕಿತ್ತಳೆ ಬಣ್ಣದ್ದು ಹೆಡ್‌ಲೈಟಿಗೆ ಸಂಬಂಧಿಸಿದ್ದು. ಅದನ್ನು ಟ್ಯೂಬ್‌ಲೈಟಿಗೆ ಕಟ್ಟಬೇಕೆಂಬ ಪಾಠಾಂತರ ಪ್ರಕ್ಷಿಪ್ತ.

ಇಷ್ಟಾಗಿ, ಖಂಡಿಸಿದ ಬ್ಯಾಟರಿ ಮತಕ್ಕೆ ಊರಿನಲ್ಲಿ ಮರುಜೀವ ಬರುವುದನ್ನು ಒಪ್ಪಿಕೊಳ್ಳಬೇಕು. ವೀಸಾ ಮುಗಿಸಿ ಸೆಟ್ಟನ್ನು ಲುಂಗಿಯಲ್ಲಿ ಸುತ್ತಿ ತಂದವನಿಗೆ ಕುಂದಾಪುರದ ಮನೆಯ ಜಗುಲಿಯಲ್ಲಿ, ಗಾಳಿಯಾಡುವ ಮೂಲೆಯಲ್ಲಿ, ಇನ್ವರ್ಟರಿನ 12 ವೋಲ್ಟ್ ಬ್ಯಾಟರಿ ಕಾದಿರುತ್ತದೆ. ಫ್ಯೂಸು ಹಾಕಿ ಹಳದಿ ಕೆಂಪು ಎರಡನ್ನೂ ಅಲ್ಲಿಗೇ ಕೊಟ್ಟರೆ ಆಷಾಢದ ಮಳೆಗೆ ಕರೆಂಟು ಹೋದರೂ ಸ್ಮೃತಿನಾಶವಿಲ್ಲ, ಚೆಂಡೆಗೂ ಭಂಗವಿಲ್ಲ. ಈ ಸಿದ್ಧಾಂತಕ್ಕೆ ಈವರೆಗೆ ಬಂದಿರುವ ಆಕ್ಷೇಪ ಒಂದೇ, ಅದೂ ಅಡುಗೆಮನೆಯಿಂದ: “ಸೀರಿಯಲ್ ಮುಗಿವರೆಗೆ ಆ ಬ್ಯಾಟರಿ ಮುಟ್ಟಿದ್ರೆ ನೋಡು ಮಗಾ.”