ಬೋರ್ಡ್ ಹೋಗಿದೆ

ಇಂಡಕ್ಷನ್ ಒಲೆಗೆ ಬೆಂಕಿಯಿಲ್ಲ. ಆದ್ದರಿಂದ ಅದು ಮುನಿಸಿಕೊಂಡಾಗ ಊದುಗೊಳವೆ ಹಿಡಿದು ಊದುವಂತಿಲ್ಲ, ಬರ್ನರ್ ಕಳಚಿ ಪಿನ್ನು ಚುಚ್ಚುವಂತಿಲ್ಲ. ಮನೆಮಂದಿಗೆ ಉಳಿಯುವುದು ಒಂದೇ ಮಾತು: ‘ಬೋರ್ಡ್ ಹೋಗಿದೆ.’ ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಹೆದ್ದಾರಿಯ ಕುಂಸಿಯಲ್ಲಾಗಲಿ, ಅದಕ್ಕೂ ಮೊದಲು ಸಿಗುವ ಆಯನೂರಿನಲ್ಲಾಗಲಿ, ಒಲೆಯ ಒಂದು ಸ್ಕ್ರೂ ಕೂಡ ಬಿಚ್ಚುವ ಮೊದಲೇ ಈ ತೀರ್ಪು ಹೊರಬೀಳುತ್ತದೆ. ವಾಸ್ತವದಲ್ಲಿ ಬೋರ್ಡನ್ನು ಎಲ್ಲಕ್ಕಿಂತ ಕೊನೆಗೆ ಅನುಮಾನಿಸಬೇಕು.

ಬೋರ್ಡಿನ ಕೆಲಸ ಇಷ್ಟು. ಗೋಡೆಯಿಂದ ಬರುವ 230 ವೋಲ್ಟಿನ ಎ.ಸಿ. ಕರೆಂಟನ್ನು ಬ್ರಿಡ್ಜ್ ರೆಕ್ಟಿಫೈಯರ್ ಡಿ.ಸಿ. ಮಾಡುತ್ತದೆ, ಅದರ ತುದಿ 325 ವೋಲ್ಟಿನ ಹತ್ತಿರ ಮುಟ್ಟುತ್ತದೆ. ಐಜಿಬಿಟಿ ಎಂಬ ಮೂರು ಕಾಲಿನ ಬಿಡಿಭಾಗ ಅದನ್ನು ಸೆಕೆಂಡಿಗೆ 20 ಸಾವಿರಕ್ಕೂ ಹೆಚ್ಚು ಸಲ ಕೊಟ್ಟು ಕಡಿಯುತ್ತದೆ. ಗಾಜಿನಡಿಯ ಕಾಯಿಲ್‌ನಲ್ಲಿ ಕಾಂತಕ್ಷೇತ್ರ ಏಳುತ್ತದೆ, ಪಾತ್ರೆಯ ತಳ ತಾನೇ ಕಾಯುತ್ತದೆ. ಇಷ್ಟೊಂದು ಗಡಿಬಿಡಿಯಲ್ಲಿ ದುಡಿಯುವ ವಸ್ತು ಕೆಡುವುದು ಆಶ್ಚರ್ಯವಲ್ಲ. ಮಲೆನಾಡಿನ ಮಳೆಗಾಲ ದಾಟಿ ಮತ್ತೆ ಹಾಲು ಕಾಯಿಸುವುದೇ ಆಶ್ಚರ್ಯ.

ಪರೀಕ್ಷೆ ಪಾತ್ರೆಯಿಂದ ಶುರುವಾಗಬೇಕು. ತಳಕ್ಕೆ ಅಯಸ್ಕಾಂತ ಕಚ್ಚದಿದ್ದರೆ ಒಲೆ ಕೆಟ್ಟಿಲ್ಲ. ಅಜ್ಜಿಯ ಕಾಲದ ಅಲ್ಯೂಮಿನಿಯಂ ಡಬರಿ, ಮದುವೆಯಲ್ಲಿ ಉಡುಗೊರೆ ಬಂದ ತಾಮ್ರದ ಚೆಂಬು, ಉರುಟು ತಳದ ಬಾಣಲೆ, ಈ ಮೂರನ್ನೂ ಒಲೆ ನಿರಾಕರಿಸುತ್ತದೆ. ಅದಕ್ಕೆ ಪಾತ್ರೆಯ ಮನೆತನ ಮುಖ್ಯವಲ್ಲ, ತಳದಲ್ಲಿ ಕಬ್ಬಿಣದ ಗುಣವಿರಬೇಕು, ತಳ ಚಪ್ಪಟೆ ಇರಬೇಕು.

ಎರಡನೆಯದು ವೋಲ್ಟೇಜು, ಕುಂಸಿಯ ಮಟ್ಟಿಗೆ ಇದು ದೊಡ್ಡ ಅಧ್ಯಾಯ. ಜೋಗದ ಮಹಾತ್ಮ ಗಾಂಧಿ ಜಲವಿದ್ಯುತ್ ಕೇಂದ್ರ 1948ರಿಂದ ಕರೆಂಟು ತಯಾರಿಸುತ್ತಿದೆ, ಲಿಂಗನಮಕ್ಕಿ ಅಣೆಕಟ್ಟು 1964ರಿಂದ ನೀರು ಹಿಡಿದು ನಿಂತಿದೆ. ಎರಡೂ ನೂರು ಕಿಲೋಮೀಟರಿನೊಳಗೇ ಇವೆ. ತವರು ಇಷ್ಟು ಹತ್ತಿರವಿದ್ದರೂ, ಬೇಸಿಗೆಯಲ್ಲಿ ತೋಟದ ಪಂಪುಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದರೆ ಹಳ್ಳಿಯ ಲೈನಿನ ಕೊನೆಯ ಮನೆಗೆ ಬಂದು ತಲುಪುವುದು ಸುಸ್ತಾದ ಕರೆಂಟು. ವೋಲ್ಟೇಜು ಒಂದು ಮಿತಿಗಿಂತ ಇಳಿದರೆ ಒಲೆ ಸಂಕೇತ ತೋರಿಸಿ ಕೆಲಸ ನಿಲ್ಲಿಸುತ್ತದೆ. ಒಲೆಯನ್ನು ಚೀಲಕ್ಕೆ ತುಂಬಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಶಿವಮೊಗ್ಗಕ್ಕೆ ಒಯ್ದರೆ, ಅಂಗಡಿಯ ಸಾಕೆಟ್ಟಿನಲ್ಲಿ ಮೊದಲ ಗುಂಡಿಗೇ ನೀರು ಕುದಿಯುತ್ತದೆ. ಮರಳಿ ತಂದರೆ ಮತ್ತೆ ಮೌನ. ಪೇಟೆಯಲ್ಲಿ ಕಾದು ಊರಲ್ಲಿ ಕಾಯದ ಒಲೆಗೆ ರಿಪೇರಿ ಬೇಡ. ಸಂಜೆ ಏಳರ ಹೊತ್ತಿಗೆ ಮನೆಯ ಸಾಕೆಟ್ಟಿಗೆ ಮೀಟರ್ ಹಚ್ಚಬೇಕು. ಹಾಗೆಯೇ 2000 ವ್ಯಾಟಿನ ಒಲೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದನ್ನು ಮೊಬೈಲ್ ಚಾರ್ಜಿಗೆ ಹಾಕಿಸಿದ 6 ಆಂಪಿಯರ್ ಸಾಕೆಟ್ಟಿಗೆ ಚುಚ್ಚಿದರೆ ಮೊದಲು ಕರಗುವುದು ಸಾಕೆಟ್ಟು, ಬೈಸಿಕೊಳ್ಳುವುದು ಒಲೆ.

ಪರದೆಯ ಮೇಲಿನ ಇ-1, ಇ-2 ಸಂಕೇತಗಳನ್ನು ಕೈಪಿಡಿ ನೋಡದೆ ನಂಬಬಾರದು. ಒಂದು ಕಂಪನಿಗೆ ಲೋ ವೋಲ್ಟೇಜಾದದ್ದು ಇನ್ನೊಂದಕ್ಕೆ ಬಿಸಿ ಅಳೆಯುವ ಸೆನ್ಸರಿನ ದೋಷ. ಕೈಪಿಡಿಯಂತೂ ಒಲೆ ತಂದ ದಿನವೇ ರಟ್ಟಿನ ಡಬ್ಬದ ಜೊತೆ ಅಟ್ಟ ಸೇರಿರುತ್ತದೆ, ಇಲ್ಲವೇ ಬಚ್ಚಲ ಒಲೆ.

ಇನ್ನು ಬಿಚ್ಚುವ ಕೆಲಸ. ಪ್ಲಗ್ ಕಿತ್ತು ಕೆಪಾಸಿಟರ್ ಖಾಲಿಯಾಗುವವರೆಗೆ ಕಾಯಬೇಕು. ಹೀಟ್‌ಸಿಂಕಿನ ಅಲ್ಯೂಮಿನಿಯಂ ನೋಡಲು ನಿರಪಾಯಕಾರಿ. ಎಷ್ಟೋ ಮಾದರಿಗಳಲ್ಲಿ ಅದು ನೇರವಾಗಿ ಕರೆಂಟಿನಲ್ಲೇ ಇರುತ್ತದೆ. ದೀಪವೇ ಬಾರದ ಒಲೆಯಲ್ಲಿ ಮೊದಲು ಫ್ಯೂಸು. ಫ್ಯೂಸು ಗಟ್ಟಿಯಿದ್ದರೆ 18 ವೋಲ್ಟ್ ಮತ್ತು 5 ವೋಲ್ಟ್ ಕೊಡುವ ಚಿಕ್ಕ ಸಪ್ಲೈ ಸತ್ತಿದೆ, ಇದು ಅಗ್ಗದ ರಿಪೇರಿ. ಫ್ಯೂಸಿನ ಗಾಜು ಕಪ್ಪಾಗಿದ್ದರೆ ಶಾರ್ಟು. ಆಗ ಹೊಸ ಫ್ಯೂಸಷ್ಟೇ ಹಾಕುವುದು ಸೋರುವ ಮಾಡಿನ ಕೆಳಗೆ ಹೊಸ ಚಾಪೆ ಹಾಸಿದಂತೆ. ಪಕ್ಕದಲ್ಲೇ ವೇರಿಸ್ಟರ್ ಎಂಬ ನೀಲಿ ಬಿಲ್ಲೆ ಒಡೆದಿದ್ದರೆ ಲೈನಿನಲ್ಲಿ ಹೈ ವೋಲ್ಟೇಜು ಬಂದಿತ್ತು. ಗಾಳಿಮಳೆಗೆ ಕೊಂಬೆ ಬಿದ್ದು ನ್ಯೂಟ್ರಲ್ ಕಟ್ಟಾದರೆ ಮನೆಗೆ 400 ವೋಲ್ಟಿನವರೆಗೂ ನುಗ್ಗಬಹುದು. ಸಿಡಿಲಿನ ಕಥೆ ಬೇರೆಯೇ: ಅದು ಹತ್ತಿರದಲ್ಲಿ ಬಡಿದರೆ ವೇರಿಸ್ಟರನ್ನು ಕೇಳುವವರಿಲ್ಲ.

ಐಜಿಬಿಟಿಯ ಕಲೆಕ್ಟರ್ ಮತ್ತು ಎಮಿಟರ್ ಕಾಲುಗಳಿಗೆ ಮೀಟರ್ ಹಿಡಿದಾಗ ಎರಡೂ ದಿಕ್ಕಿಗೆ ‘ಕೀ’ ಎಂದರೆ ಅದು ಮುಗಿದಿದೆ. ಹೊಸದನ್ನು ಬೆಸೆದು ನೇರ ಕರೆಂಟು ಕೊಟ್ಟು ಪಟಾಕಿ ಹೊಡೆಸುವವರು ಕಲಿಯುವವರು. ಕಲಿತವರು ಗೇಟಿಗೆ ಸನ್ನೆ ಕೊಡುವ ಡ್ರೈವರ್ ಭಾಗವನ್ನೂ ಬ್ರಿಡ್ಜನ್ನೂ ಮೊದಲು ನೋಡಿ, ಆಮೇಲೆ ಒಲೆಯನ್ನು 100 ವ್ಯಾಟಿನ ಬಲ್ಬಿನ ಸೀರಿಸ್‌ನಲ್ಲಿ ಹಚ್ಚುತ್ತಾರೆ. ಬಲ್ಬು ಒಮ್ಮೆ ಮಿಣುಕಿ ಆರಿದರೆ ಶಾರ್ಟಿಲ್ಲ. ಪೂರ್ತಿ ಬೆಳಗಿ ನಿಂತರೆ ಇನ್ನೂ ಇದೆ. ಈ ಕೆಲಸಕ್ಕೆ ಎಲ್‌ಇಡಿ ಬಲ್ಬು ಆಗದು. ಹಾಗಾಗಿ ಊರೆಲ್ಲ ಎಲ್‌ಇಡಿಗೆ ಹೋದ ಮೇಲೂ ರಿಪೇರಿಯವರು ಒಂದು ಹಳೇ ತಂತಿಯ ಬಲ್ಬನ್ನು ಬಂಗಾರದಂತೆ ಕಾಪಾಡುತ್ತಾರೆ. ಯಾರೂ ಅದನ್ನು ಕೈಯಲ್ಲಿ ಮುಟ್ಟುವಂತಿಲ್ಲ.

ಸರಿಯಾದ ಪಾತ್ರೆ ಇಟ್ಟರೂ ಪಾತ್ರೆಯಿಲ್ಲವೆಂದು ಹಟ ಹಿಡಿಯುವುದು ಅತ್ಯಂತ ಕಾಡಿಸುವ ದೋಷ. ಒಲೆ ಕಾಯಿಲ್‌ಗೆ ಚಿಕ್ಕ ತಟ್ಟು ಕೊಟ್ಟು ಅದರ ಅಲೆ ಎಷ್ಟು ಹೊತ್ತು ನಡುಗುತ್ತದೆಂದು ನೋಡುತ್ತದೆ; ಪಾತ್ರೆಯಿದ್ದರೆ ನಡುಕ ಬೇಗ ತಣಿಯುತ್ತದೆ. ‘ಟಿಕ್ ಟಿಕ್’ ಸದ್ದು ಕೇಳುತ್ತಿದ್ದರೆ ಐಜಿಬಿಟಿ ಬಹುಮಟ್ಟಿಗೆ ಜೀವಂತವಿದೆ. ಅಪರಾಧಿ ಹೆಚ್ಚಾಗಿ ಮೌಲ್ಯ ಕುಸಿದ ರೆಸೊನೆನ್ಸ್ ಕೆಪಾಸಿಟರ್, ಇಲ್ಲವೇ ವೋಲ್ಟೇಜು ಅಳೆಯುವ ಸಾಲಿನಲ್ಲಿ ಓಪನ್ ಆದ ಒಂದು ಪುಟ್ಟ ರೆಸಿಸ್ಟರ್. ಅದರ ಬೆಲೆ ಕೆಲವೇ ಪೈಸೆ, ಹುಡುಕಲು ಇಡೀ ಮಧ್ಯಾಹ್ನ. ಗಿರಾಕಿ ಕೊಡುವ ಹಣ ಮಧ್ಯಾಹ್ನಕ್ಕೆ. ಇದನ್ನು ಒಪ್ಪಿಸುವುದು ದೋಷ ಹುಡುಕುವುದಕ್ಕಿಂತ ಕಷ್ಟ.

ಕಾದು ಕಾದು ತಾನೇ ಆರುವ ಒಲೆಯಲ್ಲಿ ಫ್ಯಾನು ನೋಡಬೇಕು: ಒಗ್ಗರಣೆಯ ಜಿಡ್ಡು, ಹಿಟ್ಟಿನ ಧೂಳು ಸೇರಿ ಅದು ನಿಂತಿರುತ್ತದೆ. ತಾನಾಗಿ ಕೂಗುವ, ಯಾರೂ ಒತ್ತದೆ ‘ದೋಸೆ’ಯಿಂದ ‘ಹಾಲಿ’ಗೆ ಜಿಗಿಯುವ ಒಲೆಯಲ್ಲಿ ದೆವ್ವವಿಲ್ಲ, ಗುಂಡಿಗಳ ಬೋರ್ಡಿಗೆ ಇಳಿದ ಗಂಜಿಯೋ ಸಾರೋ ಇದೆ. ಮತ್ತು ಜಿರಲೆ. ಜಡಿಮಳೆಯಲ್ಲಿ ಮನೆಯ ಬೆಚ್ಚಗಿನ ಒಣ ಜಾಗ ಯಾವುದೆಂದು ಅದಕ್ಕೆ ಗೊತ್ತು. ಅದು ಎರಡು ಬೆಸುಗೆಗಳ ನಡುವೆ ಮೈ ಚಾಚಿದ ಕ್ಷಣ ತನ್ನನ್ನೂ ಡ್ರೈವರನ್ನೂ ಒಟ್ಟಿಗೆ ಮುಗಿಸುತ್ತದೆ. ಬ್ರಷ್ಷು, ಐಸೊಪ್ರೊಪೈಲ್ ಆಲ್ಕೊಹಾಲ್, ಒಂದು ದಿನದ ಒಣಗುವಿಕೆ, ಎಷ್ಟೋ ಸಲ ಇಷ್ಟೇ ಸಾಕು.

ಇವೆಲ್ಲ ದಾಟಿಯೂ ಸುಮ್ಮನಿದ್ದರೆ ಮೈಕ್ರೊಕಂಟ್ರೋಲರ್ ಸತ್ತಿದೆ. ಆ ಚಿಪ್ಪು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗಬಹುದು, ಕಂಪನಿ ಅದರೊಳಗೆ ತುಂಬಿದ ಪ್ರೋಗ್ರಾಂ ಸಿಗುವುದಿಲ್ಲ. ಹೀಗಾಗಿ ಅದೇ ಮಾದರಿಯ ಇಡೀ ಬೋರ್ಡನ್ನೇ ಬದಲಿಸಬೇಕು. ಬಿಚ್ಚಿಸುವ ಮೊದಲೇ ದರ ಕೇಳಿ; ಹೊಸ ಒಲೆಯ ಅರ್ಧಕ್ಕಿಂತ ಹೆಚ್ಚಾದರೆ ಹೊಸದನ್ನೇ ತನ್ನಿ, ಹಳೆಯದನ್ನು ರಿಪೇರಿಯವರಿಗೆ ಕೊಟ್ಟುಬಿಡಿ. ಅದರ ಫ್ಯಾನು, ಕಾಯಿಲ್, ಗಾಜು ಇನ್ನೊಂದು ಒಲೆಗೆ ಬರುತ್ತವೆ.